ಎರಡು ಬೆಂಕಿ, ಒಂದು ಪ್ರಬಂಧ: ಅಮೆರಿಕದ ಕಾಲೇಜಿಗೆ ಹೊಸದಾಗಿ ಬಂದವರಿಗೆ

ಎಂಜಿನಿಯರಿಂಗ್ ಓದಲಿ, ಸಂಗೀತ ಓದಲಿ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷ ಬಹುತೇಕ ಎಲ್ಲರೂ ಕಾಂಪೊಸಿಷನ್ ಎಂಬ ಬರವಣಿಗೆಯ ಕೋರ್ಸನ್ನು ಮುಗಿಸಲೇಬೇಕು. 1885ರಲ್ಲಿ ಹಾರ್ವರ್ಡ್ ತನ್ನ ಹೊಸ ವಿದ್ಯಾರ್ಥಿಗಳಿಗೆ ‘ಇಂಗ್ಲಿಷ್ ಎ’ ಎಂಬ ತರಗತಿಯನ್ನು ಕಡ್ಡಾಯ ಮಾಡಿದ ಮೇಲೆ ದೇಶದಾದ್ಯಂತ ಬೇರೂರಿದ ಪದ್ಧತಿ ಇದು. ಓಹಿಯೊದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ರೈಟಿಂಗ್ ಸೆಂಟರ್‌ನಲ್ಲಿ ಇಂಥ ಪ್ರಬಂಧಗಳನ್ನು ಓದಿ, ಬರೆದವರ ಜೊತೆ ಚರ್ಚಿಸುವುದು ನನ್ನ ಕೆಲಸ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಪಿಯುಸಿ ಮುಗಿಸಿ ಬಂದ ಮಕ್ಕಳು ನಾನು ಕನ್ನಡದವಳೆಂದು ತಿಳಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: “ಮೇಡಂ, ಮಾಹಿತಿ ಎಲ್ಲಾ ಸರಿಯಾಗಿದೆ, ವ್ಯಾಕರಣವೂ ಸರಿಯಾಗಿದೆ. ಆದರೂ ಸಿ ಗ್ರೇಡ್ ಯಾಕೆ?”

ಮಾಹಿತಿ ಇದೆ, ಪ್ರಶ್ನೆ ಇಲ್ಲ, ಅದಕ್ಕೆ. ನಮ್ಮ ಪರೀಕ್ಷೆಗಳು ಗೊತ್ತಿರುವುದನ್ನೆಲ್ಲ ಒಪ್ಪವಾಗಿ ಬರೆಯುವುದನ್ನು ಕಲಿಸುತ್ತವೆ. ಇಲ್ಲಿನ ಅಧ್ಯಾಪಕರಿಗೆ ಬೇಕಾದದ್ದು ಇನ್ನೂ ಇತ್ಯರ್ಥವಾಗದ ಒಂದು ಪ್ರಶ್ನೆಯನ್ನು ನೀವು ಹೇಗೆ ಬಿಡಿಸುತ್ತೀರಿ ಎಂಬುದು. ಈ ಒಂದು ವ್ಯತ್ಯಾಸ ಮನಸ್ಸಿಗೆ ಇಳಿದರೆ ಮುಂದಿನ ದಾರಿ ಸಲೀಸು. ಒಂದೇ ಉದಾಹರಣೆಯನ್ನು ಹಿಡಿದು ವಿವರಿಸುತ್ತೇನೆ.

ಮೊದಲು ಅಸೈನ್‌ಮೆಂಟ್ ಹಾಳೆಯನ್ನು ಪೆನ್ಸಿಲ್ ಹಿಡಿದು ಓದಿ. ಕ್ರಿಯಾಪದಗಳಿಗೆ ಅಡಿಗೆರೆ ಹಾಕಿ. ‘ಸಂಕ್ಷೇಪಿಸಿ’ ಎಂದಿದ್ದರೆ ನಿಮ್ಮ ಅಭಿಪ್ರಾಯ ಬೇಡ. ‘ವಿಶ್ಲೇಷಿಸಿ’ ಎಂದಿದ್ದರೆ ಬಿಡಿಸಿ ನೋಡಬೇಕು. ‘ವಾದಿಸಿ’ ಎಂದಿದ್ದರೆ ಒಂದು ಪಕ್ಷ ಹಿಡಿಯಲೇಬೇಕು. ಪುಟಗಳೆಷ್ಟು, ಆಕರಗಳೆಷ್ಟು, ಮೊದಲ ಕರಡು ಯಾವಾಗ ಕೊಡಬೇಕು ಎಂಬುದನ್ನು ಗೋಡೆಯ ಮೇಲೆ ಬರೆದು ಅಂಟಿಸಿ.

ನಮ್ಮ ಹಾಳೆಯಲ್ಲಿ ಹೀಗಿದೆ ಎಂದುಕೊಳ್ಳಿ: ‘ಒಂದು ಪರಿಸರ ಘಟನೆಯ ಕಾರಣ ಅಥವಾ ಪರಿಣಾಮದ ಬಗ್ಗೆ ಆರು ಪುಟಗಳಲ್ಲಿ ವಾದಿಸಿ.’ ತಕ್ಷಣ ಹೊಳೆಯುವ ವಿಷಯ ಜಲಮಾಲಿನ್ಯ. ಅದಕ್ಕೆ ಆರು ಪುಟವಲ್ಲ, ಆರು ಸಂಪುಟವೂ ಸಾಲದು. ಒಂದು ಊರು, ಒಂದು ನೀರು, ಒಂದು ದಿನ ಎನ್ನುವಷ್ಟು ಕಿರಿದು ಮಾಡಿ. ಓಹಿಯೊದಲ್ಲಿ ಅಂಥದ್ದು ಕಣ್ಣೆದುರೇ ಇದೆ. 1969ರ ಜೂನ್ 22ರಂದು ಕ್ಲೀವ್‌ಲ್ಯಾಂಡ್ ನಗರದ ಕಾಯಹೋಗ ನದಿಯ ಮೇಲೆ ತೇಲುತ್ತಿದ್ದ ಎಣ್ಣೆ ಮತ್ತು ಕಸಕ್ಕೆ ಬೆಂಕಿ ಹತ್ತಿತು. ಅರ್ಧ ಗಂಟೆಯೊಳಗೆ ಆರಿತು. ರೈಲು ಸೇತುವೆಗಳಿಗೆ ಆದ ಹಾನಿ ಸುಮಾರು 50,000 ಡಾಲರ್. ಅದೇ ನದಿಗೆ 1868ರಿಂದಲೂ ಹಲವು ಬಾರಿ ಬೆಂಕಿ ಬಿದ್ದಿತ್ತು. 1952ರ ಬೆಂಕಿಯ ನಷ್ಟ ಹತ್ತು ಲಕ್ಷ ಡಾಲರನ್ನು ಮೀರಿತ್ತು. ಆದರೂ ದೇಶಕ್ಕೆ ನೆನಪಿರುವುದು 1969ರ ಸಣ್ಣ ಬೆಂಕಿ. ಏಕೆ? ಇದು ಪ್ರಶ್ನೆ. ಉತ್ತರ ನಿಮಗೆ ಮೊದಲೇ ಗೊತ್ತಿಲ್ಲದಿರುವುದೇ ಒಳ್ಳೆಯದು. ಗೊತ್ತಿದ್ದರೆ ಓದುವುದು ನಿಂತು ಹೋಗುತ್ತದೆ.

ಇನ್ನು ಆಕರಗಳು. ವಿಕಿಪೀಡಿಯದಿಂದ ಶುರು ಮಾಡುವುದು ತಪ್ಪಲ್ಲ, ಅಲ್ಲಿಗೇ ನಿಲ್ಲಬಾರದು. ಪುಟದ ಕೆಳಗಿನ ಅಡಿಟಿಪ್ಪಣಿಗಳನ್ನು ಹಿಡಿದು ಮೂಲಕ್ಕೆ ಹೋಗಿ. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಡೇಟಾಬೇಸ್‌ಗಳಿರುತ್ತವೆ, ಹುಡುಕಲು ನೆರವಾಗುವುದಕ್ಕೆಂದೇ ಗ್ರಂಥಪಾಲಕರಿರುತ್ತಾರೆ. ಸಂಕೋಚ ಬೇಡ, ಹೋಗಿ ಕೇಳಿ. ಪ್ರತಿ ಆಕರಕ್ಕೂ ಮೂರು ಪ್ರಶ್ನೆ ಹಾಕಿ: ಬರೆದವರು ಯಾರು, ಯಾವಾಗ ಬರೆದರು, ಅವರಿಗೆ ಇದು ಹೇಗೆ ಗೊತ್ತಾಯಿತು?

ಈ ಮೂರನೆಯ ಪ್ರಶ್ನೆ ಎಷ್ಟು ಮುಖ್ಯ ಎಂಬುದಕ್ಕೆ ಕಾಯಹೋಗಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. 1969ರ ಆಗಸ್ಟ್‌ನಲ್ಲಿ ಟೈಮ್ ನಿಯತಕಾಲಿಕ ಈ ನದಿಯ ದುಸ್ಥಿತಿಯ ಬಗ್ಗೆ ಬರೆದಾಗ ಅದರೊಂದಿಗೆ ಅಚ್ಚಾದ ಬೆಂಕಿಯ ಚಿತ್ರ 1952ರದು! 1969ರ ಬೆಂಕಿ ಫೋಟೊ ತೆಗೆಯುವವರು ಬರುವ ಮೊದಲೇ ಆರಿಹೋಗಿತ್ತು. ‘ಈ ಚಿತ್ರ ಯಾವ ದಿನದ್ದು?’ ಎಂದು ಕೇಳಿದ ವಿದ್ಯಾರ್ಥಿಗೆ ತನ್ನ ಪ್ರಬಂಧದ ಅತ್ಯುತ್ತಮ ಪ್ಯಾರಾ ಅಲ್ಲೇ ದಕ್ಕುತ್ತದೆ.

ಟಿಪ್ಪಣಿ ಮಾಡುವಾಗ ಪುಟ ಸಂಖ್ಯೆ ಬರೆದುಕೊಳ್ಳಿ. ಓದಿ, ಪುಸ್ತಕ ಮುಚ್ಚಿ, ನಿಮ್ಮ ಮಾತಿನಲ್ಲಿ ಬರೆದು, ಮತ್ತೆ ತೆರೆದು ಹೋಲಿಸಿ ನೋಡಿ. ಪಠ್ಯಪುಸ್ತಕದ ವಾಕ್ಯವನ್ನು ಹಾಗೆಯೇ ಬರೆದರೆ ನಮ್ಮಲ್ಲಿ ಅಂಕ ಬರುತ್ತದೆ. ಇಲ್ಲಿ ಆಕರ ಹೇಳದೆ ಬರೆದರೆ ಕೃತಿಚೌರ್ಯ, ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಾದೀತು. ಪದಗಳನ್ನು ಅಲ್ಲಲ್ಲಿ ಬದಲಿಸಿದರೂ ಅದು ಕೃತಿಚೌರ್ಯವೇ. ಚಾಟ್‌ಜಿಪಿಟಿಯಂಥವುಗಳ ಬಗ್ಗೆ ನಿಮ್ಮ ಅಧ್ಯಾಪಕರ ಸಿಲಬಸ್ (ತರಗತಿಯ ನಿಯಮಗಳ ಹಾಳೆ) ಏನು ಹೇಳುತ್ತದೋ ಅದೇ ಕಾನೂನು. ಗೆಳೆಯನ ತರಗತಿಯ ನಿಯಮ ನಿಮ್ಮ ತರಗತಿಗೆ ಅನ್ವಯಿಸುವುದಿಲ್ಲ.

ಈಗ ಥೀಸಿಸ್, ಅಂದರೆ ಇಡೀ ಪ್ರಬಂಧ ಹೊತ್ತು ನಿಲ್ಲುವ ಒಂದು ಮಾತು. ‘ನದಿಗಳ ಮಾಲಿನ್ಯ ಗಂಭೀರ ಸಮಸ್ಯೆ’ ಎಂದು ಬರೆದರೆ ಇಲ್ಲವೆನ್ನುವವರು ಯಾರೂ ಇಲ್ಲ. ಯಾರೂ ಇಲ್ಲವೆನ್ನದ ಮಾತಿಗೆ ಆರು ಪುಟ ಏಕೆ ಬೇಕು? ‘1969ರ ಬೆಂಕಿಯಿಂದಾಗಿ ಅಮೆರಿಕದಲ್ಲಿ 1972ರ ಶುದ್ಧ ಜಲ ಕಾಯಿದೆ ಬಂತು’ ಎಂಬುದು ಸ್ವಲ್ಪ ಉತ್ತಮ, ಆದರೆ ಸಾಕ್ಷ್ಯದೆದುರು ಅಲುಗಾಡುತ್ತದೆ: ಬೆಂಕಿಯ ಹಿಂದಿನ ವರ್ಷವೇ, 1968ರಲ್ಲಿ, ಕ್ಲೀವ್‌ಲ್ಯಾಂಡಿನ ಮತದಾರರು ನದಿಯನ್ನು ಶುಚಿ ಮಾಡಲು 10 ಕೋಟಿ ಡಾಲರ್ ಸಾಲ ಎತ್ತಲು ಒಪ್ಪಿಗೆ ಕೊಟ್ಟಿದ್ದರು. ಈ ಸಂಗತಿಯನ್ನು ಬದಿಗೆ ತಳ್ಳದೆ ಥೀಸಿಸ್ಸನ್ನೇ ತಿದ್ದಿ: ‘1952ರ ದೊಡ್ಡ ಬೆಂಕಿ ಊರ ಸುದ್ದಿಯಾಗಿ ಉಳಿದು 1969ರ ಸಣ್ಣ ಬೆಂಕಿ ದೇಶದ ಸುದ್ದಿಯಾದದ್ದಕ್ಕೆ ಕಾರಣ, ಅಷ್ಟರಲ್ಲಿ ನಗರವೇ ತನ್ನ ನದಿಯ ಬಗ್ಗೆ ನಾಚಿಕೆಪಡಲು ಕಲಿತಿತ್ತು.’ ಇದನ್ನು ವಿವೇಕವಂತರೊಬ್ಬರು ಒಪ್ಪದಿರಬಹುದು. ಅಂಥವರನ್ನು ಒಪ್ಪಿಸುವುದೇ ನಿಮ್ಮ ಕೆಲಸ. ಥೀಸಿಸ್ ಬರೆಯುತ್ತಾ ಬದಲಾಗಬೇಕು. ಮೊದಲ ದಿನ ಬರೆದದ್ದೇ ಕೊನೆಯ ದಿನವೂ ಹಾಗೆಯೇ ಇದ್ದರೆ ನೀವು ಓದಿದ್ದು ನಿಮ್ಮನ್ನು ಮುಟ್ಟಿಲ್ಲ ಎಂದೇ ನಾನು ತಿಳಿಯುತ್ತೇನೆ.

ಪ್ಯಾರಾ ಕಟ್ಟುವಾಗ ಸ್ಟೀಫನ್ ಟೂಲ್ಮಿನ್ ಎಂಬ ತತ್ತ್ವಶಾಸ್ತ್ರಜ್ಞ 1958ರಲ್ಲಿ ಹೇಳಿದ ಮಾತು ಇಂದಿಗೂ ಉಪಯುಕ್ತ. ವಾದಕ್ಕೆ ಹೇಳಿಕೆ ಬೇಕು, ಸಾಕ್ಷ್ಯ ಬೇಕು, ಆ ಸಾಕ್ಷ್ಯದಿಂದ ಈ ಹೇಳಿಕೆ ಹೇಗೆ ಹೊರಡುತ್ತದೆಂಬ ಸಮರ್ಥನೆಯೂ ಬೇಕು. ನಮ್ಮ ಮಕ್ಕಳು ಬಿಡುವುದು ಈ ಮೂರನೆಯದನ್ನೇ. ‘ಬೆಂಕಿಯ ಮರುದಿನ ಮೇಯರ್ ಕಾರ್ಲ್ ಸ್ಟೋಕ್ಸ್ ಪತ್ರಕರ್ತರನ್ನು ನದಿಯ ಬಳಿಗೆ ಕರೆದೊಯ್ದರು’ ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ನಾನು ಅಂಚಿನಲ್ಲಿ ‘ಅದರಿಂದ?’ ಎಂದು ಬರೆಯುತ್ತೇನೆ. ಮುಂದಿನ ವಾಕ್ಯ ಹೀಗೆ ಬರಬೇಕು: ‘ತನ್ನ ಊರಿನ ಹೊಲಸನ್ನು ಮುಚ್ಚಿಡಬಹುದಾಗಿದ್ದ ಮೇಯರ್ ತಾವೇ ಪತ್ರಕರ್ತರಿಗೆ ತೋರಿಸಿದರು, ಬೆಂಕಿಯನ್ನು ಅಪಘಾತವಾಗಿ ಬಿಡದೆ ಆರೋಪವಾಗಿ ಮಾಡಿದರು.’ ಪ್ರತಿ ಸಾಕ್ಷ್ಯದ ನಂತರವೂ ಇಂಥ ಒಂದೆರಡು ವಾಕ್ಯ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಸಿ ಗ್ರೇಡಿನ ಪ್ರಬಂಧ ಮೇಲೇರುವುದು ಮುಖ್ಯವಾಗಿ ಇಲ್ಲೇ.

ಎದುರು ಪಕ್ಷದ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ತನ್ನಿ. ಇಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆ ಕೆಲಸಕ್ಕೆ ಬರುತ್ತದೆ. ನಮ್ಮೂರ ವಿಷಯ ಎಂಬ ಪ್ರೀತಿಯಿಂದ ಅದನ್ನು ಪ್ರಬಂಧದ ಕೊನೆಗೆ ಅಂಟಿಸುವವರನ್ನು ಕಂಡಿದ್ದೇನೆ. ಪ್ರೀತಿ ಸರಿ, ಆದರೆ ಅದಕ್ಕೊಂದು ಕೆಲಸ ಕೊಡಿ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿತು. 2017ರ ಫೆಬ್ರುವರಿಯಲ್ಲಿ, 2018ರ ಜನವರಿಯಲ್ಲಿ ಕೆರೆಯಂಗಳ ಮತ್ತೆ ಹೊತ್ತಿ ಉರಿಯಿತು. ಅಲ್ಲಿ ಚಿತ್ರಗಳಿಗೆ ಕೊರತೆಯಿರಲಿಲ್ಲ, ಪ್ರತಿ ಮೊಬೈಲಿನಲ್ಲೂ ವಿಡಿಯೊ ಇತ್ತು. ಹಸಿರು ನ್ಯಾಯಮಂಡಳಿಯೂ ಕೈಹಾಕಿತು. ಸುದ್ದಿಯಾಗುವುದೇ ಸಾಕಾಗಿದ್ದರೆ 2015ರ ನಂತರ ಇನ್ನೊಂದು ಬೆಂಕಿ ಏಕೆ? ಈ ಪ್ರಶ್ನೆ ನಿಮ್ಮ ಥೀಸಿಸ್ಸನ್ನು ನಿಜವಾಗಿ ಪರೀಕ್ಷಿಸುತ್ತದೆ: ಕ್ಲೀವ್‌ಲ್ಯಾಂಡಿನಲ್ಲಿ ಸುದ್ದಿಯ ಹಿಂದೆ ಮತದಾರರು ಒಪ್ಪಿದ ಹಣವಿತ್ತು. ಬೆಂಗಳೂರಿನಲ್ಲಿ ಸುದ್ದಿಯ ಹಿಂದೆ ಏನಿತ್ತು, ಏನಿರಲಿಲ್ಲ ಎಂದು ಹುಡುಕಿ ಬರೆಯಿರಿ. ಈ ಹೋಲಿಕೆ ನಿಮ್ಮ ಪಕ್ಕದ ಡೆಸ್ಕಿನವರಿಗೆ ಹೊಳೆಯುವುದು ಕಷ್ಟ. ನೀವು ಹುಟ್ಟಿ ಬೆಳೆದ ಊರು ನಿಮಗೆ ಕೊಟ್ಟದ್ದು ಅದು.

ಪೀಠಿಕೆಯನ್ನು ಕೊನೆಗೆ ಬರೆಯಿರಿ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಶೀರ್ಷಿಕೆ ಹಾಕಿ ಬರೆದ ಹೈಸ್ಕೂಲಿನ ಪ್ರಬಂಧಗಳು ನಮ್ಮ ಕೈಗಂಟಿಕೊಂಡಿವೆ. ‘ಅನಾದಿಕಾಲದಿಂದಲೂ ಮಾನವನು’ ಎಂದು ಶುರುವಾಗುವ ಚಟವೂ ಅಲ್ಲಿನದೇ. 1952ರ ಚಿತ್ರ 1969ರ ಬೆಂಕಿಯ ಮುಖವಾದ ಸಂಗತಿಯಿಂದಲೇ ಆರಂಭಿಸಿ. ಓದುಗರು ಮುಂದಿನ ಸಾಲಿಗೆ ತಾವಾಗಿಯೇ ಬರುತ್ತಾರೆ.

ಕರಡು ಮುಗಿದ ಮೇಲೆ ಅಧ್ಯಾಪಕರ ಆಫೀಸ್ ಅವರ್ಸ್‌ಗೆ ಹೋಗಿ. ಆ ಸಮಯ ನಿಮಗೆಂದೇ ಮೀಸಲು. ‘ನನ್ನ ಪ್ರಬಂಧ ಹೇಗಿದೆ?’ ಎಂದು ಕೇಳಬೇಡಿ. ‘ಮೂರನೆಯ ಪುಟದ ಸಮರ್ಥನೆ ನಿಮಗೆ ಒಪ್ಪಿಗೆಯಾಯಿತೇ?’ ಎಂದು ಕೇಳಿ. ಸಹಪಾಠಿಗಳು ಕರಡು ಓದುವ ದಿನ ‘ಚೆನ್ನಾಗಿದೆ’ ಎಂದವರಿಗಿಂತ ‘ಇಲ್ಲಿ ಗೊಂದಲವಾಯಿತು’ ಎಂದವರ ಮಾತು ಬರೆದಿಟ್ಟುಕೊಳ್ಳಿ.

ಭಾಷೆಯನ್ನು ತಿದ್ದುವುದು ಎಲ್ಲಕ್ಕಿಂತ ಕೊನೆಗೆ. ಗಟ್ಟಿಯಾಗಿ ಓದಿ, ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿ. ಲಕ್ಷ, ಕೋಟಿಗಳನ್ನು ಮಿಲಿಯನ್‌ಗೆ ಬದಲಿಸಿ. ಆಕರಗಳನ್ನು ನಮೂದಿಸಲು ಎಂಎಲ್ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿ ಕೇಳಿದ್ದರೆ 2021ರ ಒಂಬತ್ತನೆಯ ಆವೃತ್ತಿ ನೋಡಿಕೊಳ್ಳಿ: ವಾಕ್ಯದ ಕೊನೆಗೆ ಆವರಣದಲ್ಲಿ ಲೇಖಕರ ಹೆಸರು, ಪುಟ ಸಂಖ್ಯೆ. ನಿಮ್ಮ ಇಂಗ್ಲಿಷಿನಲ್ಲಿ ಕನ್ನಡದ ಲಯ ಕೇಳಿಸಿದರೆ ಕುಗ್ಗಬೇಡಿ. ವಿದ್ಯಾರ್ಥಿಗಳಿಗೆ ತಮ್ಮದೇ ಭಾಷಾರೂಪದ ಹಕ್ಕಿದೆ ಎಂದು ಕಾಲೇಜು ಬರವಣಿಗೆ ಕಲಿಸುವವರ ರಾಷ್ಟ್ರೀಯ ಸಂಘಟನೆ 1974ರಲ್ಲಿಯೇ ನಿರ್ಣಯ ಅಂಗೀಕರಿಸಿದೆ. ವಾದ ಸಿಕ್ಕಿಕೊಂಡಾಗ ಒಂದು ಪುಟ ಕನ್ನಡದಲ್ಲೇ ಬರೆದು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ತಲೆಯಲ್ಲಿ ಸ್ಪಷ್ಟವಾಗದ್ದು ಯಾವ ಭಾಷೆಯಲ್ಲೂ ಬರುವುದಿಲ್ಲ, ಸ್ಪಷ್ಟವಾಗುವುದು ಹೆಚ್ಚಾಗಿ ಮನೆಮಾತಿನಲ್ಲೇ.

ಗ್ರೇಡ್ ಬಂದ ದಿನ ಅಕ್ಷರವನ್ನಷ್ಟೇ ನೋಡಿ ಫೈಲ್ ಮುಚ್ಚಬೇಡಿ. ಅಂಚಿನ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಬರುವ ದೂರು ಯಾವುದೆಂದು ಗುರುತಿಸಿ, ಮುಂದಿನ ಅಸೈನ್‌ಮೆಂಟ್ ಹಾಳೆಯ ತಲೆಯ ಮೇಲೆ ಬರೆದುಕೊಂಡು ಕೆಲಸಕ್ಕೆ ಕೂರಿ.