ಎಲೆ ಬಿಡಿಸುವುದನ್ನು ಬಿಟ್ಟ ಮೇಲೆ

ಹತ್ತು ವರ್ಷ ನಾನು ಚಿತ್ರವಾಗಿ ಬರೆದಿದ್ದು ಬೇಲೂರಿನ ಶಿಲಾಬಾಲಿಕೆ, ಹೆಂಚಿನ ತೊಟ್ಟಿಮನೆ, ಹಣ್ಣು ತುಂಬಿದ ಕಾಫಿ ಗಿಡ. ಚಿಕ್ಕಮಗಳೂರಿನ ಹೋಂಸ್ಟೇಗಳಿಗೆ ಅವೇ ಬೇಕಿತ್ತು. ಮನೆ ನಡೆದದ್ದು, ಕೈ ಪಳಗಿದ್ದು ಎರಡೂ ಅದರಿಂದಲೇ.

ಒಂದು ಫೆಬ್ರವರಿಯಲ್ಲಿ ಮುಳ್ಳಯ್ಯನಗಿರಿ ಮೆಟ್ಟಿಲ ಮೇಲೆ ಸ್ಕೆಚ್ ಪುಸ್ತಕ ಹಿಡಿದು ಕೂತಿದ್ದೆ. 1,930 ಮೀಟರ್ ಎತ್ತರದ ಬೆಟ್ಟ. ಆ ಹೊತ್ತಿಗೆ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಗುಡ್ಡದ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡಿನ ಕಡುಹಸಿರು. ನಡುವೆ ಕಾಡ್ಗಿಚ್ಚು ಹರಡದಿರಲಿ ಅಂತ ಮೊದಲೇ ಸುಟ್ಟು ಬಿಟ್ಟ ಬೆಂಕಿ ರೇಖೆಗಳು. ಮೂರೇ ಬಣ್ಣ, ನಾಲ್ಕೈದು ಗೆರೆ. ನಾನೋ ಎಂದಿನಂತೆ ಮರಕ್ಕೆ ಎಲೆ ಬಿಡಿಸುತ್ತಿದ್ದೆ. ಇಷ್ಟು ದೂರದಿಂದ ಎಲೆ ಎಲ್ಲಿ ಕಾಣುತ್ತದೆ ಅಲ್ವಾ? ಕಾಣದ್ದನ್ನು ರೂಢಿಯಿಂದ ಬರೆಯುತ್ತಿದ್ದೇನೆ ಅನ್ನಿಸಿ ಕೈ ನಿಂತಿತು.

ಆಮೇಲೆ ಡಚ್ ಚಿತ್ರಕಾರ ಮಾಂಡ್ರಿಯಾನ್ 1911ರಲ್ಲಿ ಬರೆದ ಬೂದು ಮರದ ಚಿತ್ರವನ್ನು ದಿನಗಟ್ಟಲೆ ನೋಡಿದೆ. ಅದರಲ್ಲಿ ಕೊಂಬೆಗೆ ಎಷ್ಟು ತೂಕವೋ ಕೊಂಬೆಗಳ ನಡುವಿನ ಜಾಗಕ್ಕೂ ಅಷ್ಟೇ. ಮರಗಸಿ ಆದ, ಅಂದರೆ ನೆರಳಿನ ಮರಗಳ ಕೊಂಬೆ ಸವರಿದ ಕಾಫಿ ತೋಟದಲ್ಲಿ ನಿಂತು ಕತ್ತೆತ್ತಿದರೆ ಇದೇ ಕಾಣುತ್ತದೆ. ಒಂದು ವರ್ಷ ಬರೀ ಇದ್ದಿಲು ಹಿಡಿದೆ. ಕೊಂಬೆ ಬರೆಯಬಾರದು, ನಡುವಿನ ಆಕಾಶದ ತುಂಡು ಮಾತ್ರ ಬರೆಯಬೇಕು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡೆ. ಕಣ್ಣು ಬದಲಾಗಿದ್ದು ಆ ವರ್ಷ.

ಬಣ್ಣ ಬದಲಾಗಿದ್ದು ಮಳೆಯಿಂದ. ಜುಲೈ ತಿಂಗಳಲ್ಲಿ ಎಣ್ಣೆ ಬಣ್ಣ ವಾರಗಟ್ಟಲೆ ಅಂಟಂಟಾಗಿಯೇ ಇರುತ್ತಿತ್ತು. ಒಂದು ಮಳೆಗಾಲ ಗೋಡೆಗೆ ಒತ್ತಿಟ್ಟಿದ್ದ ಹನ್ನೊಂದು ಕ್ಯಾನ್ವಾಸ್‌ಗೆ ಬೂಷ್ಟು ಹಿಡಿಯಿತು. ಅವತ್ತು ಊಟ ಸೇರಲಿಲ್ಲ. ಈಗ ಗೋಡೆಗೂ ಕ್ಯಾನ್ವಾಸ್‌ಗೂ ನಡುವೆ ಗಾಳಿ ಆಡುವಷ್ಟು ಜಾಗ ಬಿಡುತ್ತೇನೆ, ಅಕ್ರಿಲಿಕ್ ಬಳಸುತ್ತೇನೆ. ನೀರಾಗಿ ಕಲಸಿ ಒಂದರ ಮೇಲೊಂದು ಏಳೆಂಟು ಪದರ. ಅರೆ ಒಣಗಿದಾಗ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಪೂರ್ತಿ ಒಣಗಿದರೆ ಅಕ್ರಿಲಿಕ್ ನೀರಿಗೆ ಬಿಡುವುದಿಲ್ಲ, ಹಾಗಾಗಿ ಕೈಗೆ ಸಿಗುವುದು ಕೆಲವೇ ನಿಮಿಷ. ಬೆಟ್ಟಕ್ಕೆ ಮಂಜು ಕವಿದಾಗ ದೂರದ ಸಾಲು ಮೊದಲು ಮಾಯ, ಹತ್ತಿರದ್ದು ಕೊನೆಗೆ. ನಾನು ಒರೆಸುವುದೂ ಅದೇ ಕ್ರಮದಲ್ಲಿ.

"ಇದರಲ್ಲಿ ಗುಡ್ಡ ಎಲ್ಲಿ ಸಾರ್?" ಅಂತ ಹಳೇ ಗಿರಾಕಿಗಳು ಕೇಳುತ್ತಾರೆ. ಕೆಲವರು ವಾಪಸ್ ಹೋದರು. ಆದರೆ ಮನೆಯಲ್ಲಿ ಕೂತು ಸುಮ್ನೆ ಬಣ್ಣ ಚೆಲ್ಲಿದ ಒಂದು ಚಿತ್ರವೂ ನನ್ನ ಹತ್ತಿರ ನಿಂತಿಲ್ಲ. ಪ್ರತಿಯೊಂದೂ ಶುರುವಾಗುವುದು ಬಯಲಲ್ಲೇ.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಒಂಬತ್ತು ದಿನ ಆಯಿತು. ತೋಟವೆಲ್ಲ ಬೆಳ್ಳಗಾಗಿದೆ. ಬಿಳಿ ಕ್ಯಾನ್ವಾಸ್ ಮೇಲೆ ಆ ಬಿಳುಪನ್ನು ಹೇಗೆ ತರುವುದು ಅಂತ ಬೆಳಗ್ಗೆಯಿಂದ ಇಲ್ಲೇ ಕೂತಿದ್ದೇನೆ.