ಸವೆದ ತಾಮ್ರದ ಕಾಸು: ಹುಣಸೆಹಣ್ಣು ಬಿಟ್ಟು ತೂಕ ಹಿಡಿದ ಮೇಲೆ

"ಹುಣಸೆಹಣ್ಣಲ್ಲಿ ತಿಕ್ಕಿ ಸಾರ್, ಕಂಡ್ರೆ ಕಾಣುತ್ತೆ, ಇಲ್ಲಾಂದ್ರೆ ಗುಜರಿಗೆ ಹಾಕಿ." ಸವೆದ ತಾಮ್ರದ ಕಾಸಿನ ವಿಷಯದಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಯವರಿಂದ ಹಿಡಿದು ನಮ್ಮ ಹಿರಿಯ ಸಂಗ್ರಾಹಕರವರೆಗೆ ಎಲ್ಲರದೂ ಇದೇ ಮಾತು. ತಿಕ್ಕದೆ, ತೂಕ ಮತ್ತು ಒಂದೇ ಒಂದು ಟಾರ್ಚಿನಿಂದ ಗುರುತು ಹಿಡಿಯುತ್ತೇನೆ ಅಂದಾಗ ನಕ್ಕವರೇ ಹೆಚ್ಚು. ಮೊದಲು ಒಂದು ಲಾಟಿನಲ್ಲಿ, ಅಂದರೆ ಕಿಲೋ ಲೆಕ್ಕದಲ್ಲಿ ಕೊಂಡ ಹಳೆ ಕಾಸಿನ ರಾಶಿಯಲ್ಲಿ, ಹತ್ತಕ್ಕೆ ಮೂರು ಕಾಸಿಗೆ ಹೆಸರು ಸಿಗುತ್ತಿತ್ತು, ಈಗ ಏಳೆಂಟಕ್ಕೆ ಸಿಗುತ್ತದೆ. ನಕ್ಕವರೇ ಈಗ ಗುರುತು ಹಿಡಿಯಲು ಕಾಸುಗಳನ್ನು ಪೊಟ್ಟಣ ಕಟ್ಟಿ ಕಳಿಸುತ್ತಾರೆ.

ಹುಣಸೆಹಣ್ಣು ಯಾಕೆ ಬೇಡ ಅಂದರೆ, ಪೂರ್ತಿ ಸವೆದ ಕಾಸಿನಲ್ಲಿ ಅಕ್ಷರದ ಕೊನೆಯ ಅಂಚು ಉಳಿದಿರುವುದು ಲೋಹದಲ್ಲಲ್ಲ, ಮೇಲಿನ ಕಂದು ಪದರದಲ್ಲಿ. ಹುಳಿ ಮೊದಲು ತಿನ್ನುವುದು ಅದನ್ನೇ. ವಿನೆಗರ್, ನಿಂಬೆಹಣ್ಣಿನ ಕಥೆಯೂ ಅಷ್ಟೇ. ಬ್ಯಾಟರಿ ಚಾರ್ಜರ್ ಕಟ್ಟಿ ಉಪ್ಪುನೀರಲ್ಲಿ ಇಳಿಬಿಟ್ಟರೆ ಕಾಸು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಒಳಗೆ ಉಳಿದ ಕ್ಲೋರೈಡು ಮಳೆಗಾಲದಲ್ಲಿ ತಿಳಿಹಸಿರು ಪುಡಿಯಾಗಿ ಹೊರಬರುತ್ತದೆ. ಅಲ್ಟ್ರಾಸಾನಿಕ್ ಯಂತ್ರಕ್ಕೆ ಮೂರು ಸಾವಿರದ ಹತ್ತಿರ ಹೋಯಿತು. ಅದು ಕನ್ನಡಕ ತೊಳೆಯುವುದಕ್ಕೆ ಲಾಯಕ್ಕು. ನಾನು ಮಾಡುವುದು ಇಷ್ಟೇ: ಡಿಸ್ಟಿಲ್ಡ್ ನೀರಲ್ಲಿ ಎರಡು ದಿನ ನೆನೆಸಿ, ಬಿದಿರು ಕಡ್ಡಿಯಿಂದ ಮಣ್ಣು ಮಾತ್ರ ತೆಗೆಯುವುದು. ಕಿಲುಬಿಗೆ ಕೈ ಹಾಕುವುದಿಲ್ಲ.

ಆಮೇಲೆ ತೂಕ. 0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ ಎಸ್.ಪಿ. ರಸ್ತೆಯಲ್ಲಿ ಏಳುನೂರರ ಆಸುಪಾಸು, ಕ್ಯಾಲಿಪರ್ ಇನ್ನೊಂದೈನೂರು. ಲಾಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲಾಣೆಗಳೇ ಇರುತ್ತವೆ. 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆಯಿಂದ ಹಿಡಿದು ರಾಣಿ ವಿಕ್ಟೋರಿಯಾ ಕಾಲದವರೆಗೆ ಅದರ ತೂಕ 6.47 ಗ್ರಾಂ. 1906ರಲ್ಲಿ ತಾಮ್ರ ಹೋಗಿ ಕಂಚು ಬಂತು, ತೂಕ 4.86ಕ್ಕೆ ಇಳಿಯಿತು, ಅಗಲ ಮಾತ್ರ ಅದೇ 25 ಮಿ.ಮೀ. ಚಿಲ್ಲರೆ. ಹಾಗಾಗಿ ಎರಡೂ ಬದಿ ನುಣ್ಣಗಾದ ಬಿಲ್ಲೆ 5.9 ತೂಗಿದರೆ ಹಳೆಯದು, 4.5 ತೂಗಿದರೆ ಎಡ್ವರ್ಡ್ ಅಥವಾ ಜಾರ್ಜ್ ದೊರೆಯ ಕಾಲದ್ದು. ಮುಖ ನೋಡುವ ಅಗತ್ಯವೇ ಇಲ್ಲ.

ಇಲ್ಲೊಂದು ಗುಂಡಿ ಇದೆ. ಮದ್ರಾಸ್ ಪ್ರೆಸಿಡೆನ್ಸಿಯ 1808ರ ಹತ್ತು ಕ್ಯಾಶ್ ಎಂಬ ತಾಮ್ರದ ಕಾಸು ಕೂಡ 4.6 ಗ್ರಾಂ ಆಸುಪಾಸು, ಅಗಲವೂ ಹೆಚ್ಚೂಕಡಿಮೆ ಅಷ್ಟೇ. ತಕ್ಕಡಿ ಇಲ್ಲಿ ಕೈಕೊಡುತ್ತದೆ. ಕಂಚಿನ ಕಾಲಾಣೆಯ ಹಿಂಬದಿಯಲ್ಲಿ ನಡುವೆ ಮಣಿಗಳ ವೃತ್ತವಿದೆ, ಹೊರಗೆ ಹೂಬಳ್ಳಿ. ಹತ್ತು ಕ್ಯಾಶಿನಲ್ಲಿ ವೃತ್ತವಿಲ್ಲ, ಪಾರ್ಸಿ ಬರಹ ಅಗಲಕ್ಕೂ ಹರಡಿದೆ. ಟಾರ್ಚಿನಡಿ ಚೂರು ವೃತ್ತ ಕಂಡರೂ ಸಾಕು, ತೀರ್ಮಾನವಾಯಿತು.

ಬೆಳಕಿನ ಕೆಲಸ ಹೀಗೆ. ಕಪ್ಪು ಬಟ್ಟೆಯ ಮೇಲೆ ಕಾಸು, ನೇರ ಮೇಲೆ ಸ್ಟ್ಯಾಂಡಿನಲ್ಲಿ ಫೋನು, ಎರಡು ಪಟ್ಟು ಜೂಮ್, ಎಕ್ಸ್‌ಪೋಶರ್ ಲಾಕ್. ಮ್ಯಾಕ್ರೋ ಬೇಡ, ಫೋನಿನ ನೆರಳೇ ಬೀಳುತ್ತದೆ. ಕೋಣೆ ಕತ್ತಲೆ ಮಾಡಿ ಟಾರ್ಚನ್ನು 15 ಸೆಂ.ಮೀ. ದೂರ, 3 ಸೆಂ.ಮೀ. ಎತ್ತರದಲ್ಲಿ ಇಟ್ಟು, ಗಡಿಯಾರದ ಹನ್ನೆರಡೂ ಅಂಕಿಗಳ ದಿಕ್ಕಿನಿಂದ ಒಂದೊಂದು ಫೋಟೋ. ತಿರುಗಬೇಕಾದ್ದು ಟಾರ್ಚು, ಕಾಸು ಅಲುಗಬಾರದು. ಆಮೇಲೆ ಗಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶದಲ್ಲಿ ಮೂರರ ದಿಕ್ಕಿನ ಫೋಟೋ ಮೇಲೆ ಒಂಬತ್ತರದ್ದನ್ನು ಇಟ್ಟು ಒಂದರಿಂದ ಇನ್ನೊಂದನ್ನು ಕಳೆಯುವ ಗ್ರೇನ್ ಎಕ್ಸ್‌ಟ್ರಾಕ್ಟ್ ಮೋಡ್ ಹಾಕಿ. ಕಿಲುಬಿನ ಬಣ್ಣ ಎರಡರಲ್ಲೂ ಒಂದೇ ಇರುವುದರಿಂದ ಬಹುಪಾಲು ಕಳೆದುಹೋಗಿ ಉಬ್ಬುತಗ್ಗು ಮಾತ್ರ ಉಳಿಯುತ್ತದೆ. ಹನ್ನೆರಡು-ಆರು ಜೋಡಿಯನ್ನೂ ಹೀಗೇ ಮಾಡಿ, ಅಡ್ಡ ಗೆರೆಗಳು ಅದರಲ್ಲಿ ಎದ್ದು ಕಾಣುತ್ತವೆ. ಟಾರ್ಚಿನ ಬಾಯಿಗೆ ಏನು ಅಂಟಿಸುತ್ತೇನೆ ಅನ್ನುವುದು ಇಲ್ಲಿ ಬೇಡ, ಅದೂ ಬರೆದರೆ ಪೊಟ್ಟಣ ಬರುವುದು ನಿಂತೀತು.

ಕರ್ಪೂರದ ಹೊಗೆಯನ್ನೂ ಪ್ರಯೋಗಿಸಿ ನೋಡಿದ್ದಾಯಿತು. ಉರಿಯಿಂದ ಒಂದು ಗೇಣು ಮೇಲೆ ಹಿಡಿದರೆ ತೆಳ್ಳಗೆ ಮಸಿ ಕೂರುತ್ತದೆ, ಹೊಳಪು ಸಾಯುತ್ತದೆ. ನುಣುಪಾದ ಬೆಳ್ಳಿ ಎರಡಾಣೆಗೆ ಬಹಳ ಚೆನ್ನ, ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಹೋಗುತ್ತದೆ. ತಾಮ್ರದ ಒರಟು ಗುಳಿಗಳಲ್ಲಿ ಮಾತ್ರ ಮಸಿ ತುಂಬಿಕೊಂಡು ಇದ್ದದ್ದೂ ಮುಚ್ಚುತ್ತದೆ.

ಈಗ ಆನೆ ಕಾಸು, ಅಂದರೆ ಆನೆಯ ಚಿತ್ರವಿರುವ ಮೈಸೂರಿನ ತಾಮ್ರದ ಕಾಸು. ದುಡ್ಡು ಇರುವುದು ಇಲ್ಲೇ. ಆನೆ ಕಂಡ ಕೂಡಲೇ ಟಿಪ್ಪು ಅನ್ನಬೇಡಿ. ಆನೆಯ ಹೊಟ್ಟೆ ಉಬ್ಬಾಗಿರುವುದರಿಂದ ಮೊದಲು ಸವೆಯುತ್ತದೆ. ಕಾಲುಗಳ ಸಂದು ಮತ್ತು ಬೆನ್ನ ಮೇಲಿನ ಜಾಗ ಕೊನೆಯವರೆಗೂ ಉಳಿಯುತ್ತವೆ, ಬೆಳಕು ಅಲ್ಲಿಗೆ ಬೀಳಲಿ. ಬೆನ್ನ ಮೇಲೆ ಸೂರ್ಯ ಚಂದ್ರ, "ಶ್ರೀ" ಇದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರದ್ದು, ಹಿಂಬದಿ ಕನ್ನಡವೂ ಸಿಗುತ್ತದೆ. ಟಿಪ್ಪುವಿನ ಪೈಸೆ 11 ಗ್ರಾಂ ಚಿಲ್ಲರೆ, ಅರೆ 5.6, ಕಾಲು 2.8. ಅದರ ಮೇಲಿನ ಮೌಲೂದಿ ಇಸವಿಯನ್ನು (ಟಿಪ್ಪು ಜಾರಿಗೆ ತಂದ ಕಾಲಗಣನೆ) ಬಲದಿಂದ ಎಡಕ್ಕೆ ಓದಬೇಕು: 1216 ಅನ್ನುವುದು ಎಡದಿಂದ 6121 ಥರ ಕಾಣುತ್ತದೆ. ಹಿಂಬದಿಯ ಟಂಕಸಾಲೆಯ ಹೆಸರಿನಲ್ಲಿ ಪಾರ್ಸಿಯ ಗಾಫ್ (ಗ) ಅಕ್ಷರದ ಉದ್ದನೆಯ ಓರೆ ಗೆರೆ ಹುಡುಕಿ. "ಪಟ್ಟಣ" (ಶ್ರೀರಂಗಪಟ್ಟಣ) ಅನ್ನುವುದಕ್ಕೆ ಅದಿಲ್ಲ, "ನಗರ" (ಬಿದನೂರು) ಅನ್ನುವುದಕ್ಕೂ ಬೆಂಗಳೂರಿಗೂ ಇದೆ. ಗೆರೆಯ ಪಕ್ಕ ಎಡಕ್ಕೆ ಲಾಮ್ (ಲ) ಅಕ್ಷರದ ನೆಟ್ಟಗಿನ ಕೋಲು ನಿಂತಿದ್ದರೆ ಬೆಂಗಳೂರು. ಗುರುತಿಲ್ಲದ ಸವೆದ ಆನೆಗೆ ನೂರು ರೂಪಾಯಿ ಕೊಡುವವರು, ಆ ಕೋಲನ್ನು ಫೋಟೋದಲ್ಲಿ ತೋರಿಸಿದರೆ ಮುನ್ನೂರು, ಮುನ್ನೂರೈವತ್ತಕ್ಕೆ ಬರುತ್ತಾರೆ. ಲಾಟು ಕಿಲೋಗೆ ಸುಮಾರು ಎರಡು ಸಾವಿರ ಬೀಳುತ್ತದೆ, ಇಂಥವು ನಾಲ್ಕೈದು ಸಿಕ್ಕರೆ ಹತ್ತಿರಹತ್ತಿರ ಅಸಲು ಹುಟ್ಟುತ್ತದೆ.

ಹನುಮಂತ, ರಾಮನ ಚಿತ್ರವಿದ್ದು 1818 ಎಂದು ಬರೆದ ದಪ್ಪ "ಕಂಪನಿ" ಬಿಲ್ಲೆ ಬಂದರೆ ತೂಗಲೂ ಹೋಗಬೇಡಿ. ಕಂಪನಿ ಅಂಥದ್ದನ್ನು ಟಂಕಿಸಲೇ ಇಲ್ಲ, ಲಕ್ಷ ಬೆಲೆ ಹೇಳುವವರು ಮಾತ್ರ ಕಡಿಮೆಯಾಗಿಲ್ಲ.

ಲೋಹ ಹುಡುಕುವ ಡಿಟೆಕ್ಟರ್ ಇರುವವರು ಸೀಸದ ಗುಂಡುಗಳನ್ನೂ ತರುತ್ತಾರೆ. ಬ್ರಿಟಿಷ್ ಬ್ರೌನ್ ಬೆಸ್ ಕೋವಿಯ ಗುಂಡು 17.5 ಮಿ.ಮೀ., 32 ಗ್ರಾಂ ಹತ್ತಿರ, ಮೇಲೆ ಬಿಳಿ ಪದರ. ನಡುವೆ ತೂತಿದ್ದರೆ ಮೀನುಬಲೆಗೆ ಕಟ್ಟುವ ಭಾರ. 1891ರಲ್ಲಿ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕ ಕಥೆ ಹಿಡಿದು ಕೋಟೆ, ದೇವಸ್ಥಾನದ ಸುತ್ತ ಓಡಾಡುವುದು ಬೇಡ, ಸಂರಕ್ಷಿತ ಜಾಗದಲ್ಲಿ ಅಗೆದರೆ ಕೇಸು. ಹೊಲದ ಮಾಲೀಕರು ಒಪ್ಪಿದ್ದರೂ ಸಿಕ್ಕಿದ್ದು ನಿಧಿ ಅನ್ನಿಸಿಕೊಂಡರೆ ಸರ್ಕಾರಕ್ಕೆ ತಿಳಿಸಲೇಬೇಕು. ಅಂಥ ಕಾಸನ್ನು ನನ್ನ ಹತ್ತಿರ ತರಬೇಡಿ, ನಾನು ತೂಗುವುದಿಲ್ಲ.