ಕೆಸರಿನೊಳಗಿನ ದಿಕ್ಸೂಚಿ: ಅಯಸ್ಕಾಂತದ ದಿಕ್ಕು ಹಿಡಿದು ಈಜುವ ಬ್ಯಾಕ್ಟೀರಿಯಾ ನೋಡುವುದು ಹೇಗೆ?

ಕೆರೆ, ಕೊಳಗಳ ತಳದ ಕೆಸರಿನಲ್ಲಿ ಮೈಯೊಳಗೇ ದಿಕ್ಸೂಚಿ ಇಟ್ಟುಕೊಂಡ ಬ್ಯಾಕ್ಟೀರಿಯಾಗಳಿವೆ. ಇಟಲಿಯ ಸಾಲ್ವತೋರೆ ಬೆಲ್ಲಿನಿ 1963ರಲ್ಲೇ ಇವುಗಳ ಬಗ್ಗೆ ಬರೆದಿದ್ದರು. ಆದರೆ 1975ರಲ್ಲಿ ಅಮೆರಿಕದ ರಿಚರ್ಡ್ ಬ್ಲೇಕ್‌ಮೋರ್ ಅವರ ಲೇಖನ ಪ್ರಕಟವಾದ ಮೇಲೆಯೇ ವಿಜ್ಞಾನಲೋಕ ಇತ್ತ ತಿರುಗಿದ್ದು. ಇವನ್ನು ನೋಡಲು ಒಂದು ಗಾಜಿನ ಜಾಡಿ, ಪಟ್ಟಿ ಅಯಸ್ಕಾಂತ, ದಿಕ್ಸೂಚಿ ಮತ್ತು 400 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಸಾಕು. ಜೊತೆಗೆ ಕೆಲವು ವಾರಗಳ ತಾಳ್ಮೆ ಬೇಕು.

ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ: ಅಯಸ್ಕಾಂತ ಈ ಜೀವಿಗಳನ್ನು ಎಳೆದು ತರುವುದಿಲ್ಲ, ಅವುಗಳ ಮೈಯನ್ನು ಒಂದು ದಿಕ್ಕಿಗೆ ತಿರುಗಿಸುತ್ತದೆ ಅಷ್ಟೆ. ಈಜು ಅವುಗಳದ್ದೇ. ಪ್ರತಿ ಕೋಶದೊಳಗೆ ಮ್ಯಾಗ್ನೆಟೈಟ್ ಅಥವಾ ಗ್ರೆಗೈಟ್ ಎಂಬ ಕಬ್ಬಿಣದ ಖನಿಜದ ಹರಳುಗಳಿರುತ್ತವೆ. ಒಂದೊಂದು ಹರಳಿನ ಅಳತೆ ಸುಮಾರು 35ರಿಂದ 120 ನ್ಯಾನೋಮೀಟರ್. ಇದಕ್ಕಿಂತ ಚಿಕ್ಕದಾದರೆ ಹರಳಿನ ಕಾಂತತೆ ಸ್ಥಿರವಾಗಿ ನಿಲ್ಲದು. ತೀರಾ ದೊಡ್ಡದಾದರೆ ಒಳಗೇ ಬೇರೆ ಬೇರೆ ದಿಕ್ಕಿನ ಭಾಗಗಳಾಗಿ ಒಡೆದು ಬಲ ಕುಂದುತ್ತದೆ. ತೆಳು ಪೊರೆಯೊಳಗೆ ಕೂತ ಈ ಹರಳುಗಳಿಗೆ ಮ್ಯಾಗ್ನೆಟೋಸೋಮ್ ಎಂದು ಹೆಸರು. ಹೆಚ್ಚಿನ ಜಾತಿಗಳಲ್ಲಿ ಇವು ಮಣಿಸರದಂತೆ ಸಾಲಾಗಿ ನಿಂತು, ಇಡೀ ಸಾಲು ಒಂದೇ ಕಾಂತಸೂಜಿಯಾಗುತ್ತದೆ. ಸತ್ತ ಕೋಶವೂ ಅಯಸ್ಕಾಂತಕ್ಕೆ ತಕ್ಕಂತೆ ತಿರುಗುವುದು ಇದರಿಂದಲೇ. ತಿರುಗುತ್ತದೆ, ಮುಂದೆ ಹೋಗುವುದಿಲ್ಲ.

ಇದರಿಂದ ಜೀವಿಗೇನು ಲಾಭ? ಇವಕ್ಕೆ ಹಿತವಾದದ್ದು ಆಮ್ಲಜನಕ ತೀರಾ ಕಡಿಮೆ ಇರುವ ತೆಳು ಪದರ. ಭೂಮಧ್ಯರೇಖೆಯಿಂದ ದೂರದಲ್ಲಿ ಭೂಮಿಯ ಕಾಂತಕ್ಷೇತ್ರ ಓರೆಯಾಗಿರುತ್ತದೆ. ಆ ಗೆರೆ ಹಿಡಿದರೆ ಸುತ್ತೆಲ್ಲ ಅಲೆಯಬೇಕಿಲ್ಲ, ಮೇಲೆ ಕೆಳಗೆ ಓಡಾಡಿದರೆ ಸಾಕು, ಬೇಕಾದ ಪದರ ಸಿಗುತ್ತದೆ.

ಜಾಡಿ ಸಿದ್ಧಮಾಡುವುದು

ಅರ್ಧ ಲೀಟರಿನ ಗಾಜಿನ ಜಾಡಿಯ ಮೂರನೇ ಒಂದು ಭಾಗಕ್ಕೆ ನಿಂತ ನೀರಿನ ತಳದ ಮೆದು ಕೆಸರು ಹಾಕಿ. ಕೆಸರಿನ ಮೇಲ್ಪದರವೇ ಮುಖ್ಯ, ಆಳಕ್ಕೆ ಅಗೆಯಬೇಡಿ. ಅಲ್ಲಿನ ನೀರನ್ನೇ ತುಂಬಿಸಿ. ನಲ್ಲಿ ನೀರಿನ ಕ್ಲೋರಿನ್ ಜೀವಿಗಳನ್ನು ಕೊಲ್ಲುತ್ತದೆ. ಮುಚ್ಚಳ ಪ್ಲಾಸ್ಟಿಕ್ಕಿನದ್ದಿರಲಿ, ಸಡಿಲವಾಗಿರಲಿ. ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಜಾಡಿಯನ್ನು ಮಬ್ಬು ಬೆಳಕಿನಲ್ಲಿ, ಕೋಣೆಯ ಉಷ್ಣತೆಯಲ್ಲಿ, ಅಲುಗದಂತೆ ಎರಡರಿಂದ ನಾಲ್ಕು ವಾರ ಇಡಿ. ಬಿಸಿಲಿಗಿಟ್ಟರೆ ಪಾಚಿ ಬೆಳೆದು ಆಮ್ಲಜನಕ ಹೆಚ್ಚುತ್ತದೆ. ದಿನಾ ಎತ್ತಿ ಅಲ್ಲಾಡಿಸಿ ನೋಡುವ ಆಸೆಯೇ ಹೆಚ್ಚಿನ ಜಾಡಿಗಳನ್ನು ಕೆಡಿಸುವುದು, ಏಕೆಂದರೆ ಪದರ ಕಲಕಿದರೆ ಅದು ಮತ್ತೆ ಕೂಡಿಬರಲು ಸಮಯ ಬೇಕು.

ಒಂದೆಡೆ ಸೇರಿಸುವುದು

ಉತ್ತರಾರ್ಧಗೋಳದ ಕೆಸರಾದರೆ, ದಿಕ್ಸೂಚಿಯ ಉತ್ತರ ತೋರುವ ಮುಳ್ಳನ್ನು ತನ್ನತ್ತ ಸೆಳೆಯುವ ತುದಿಯನ್ನೇ ಬಳಸಬೇಕು. ಅದು ಅಯಸ್ಕಾಂತದ ದಕ್ಷಿಣ ಧ್ರುವ. ದಕ್ಷಿಣಾರ್ಧಗೋಳದಲ್ಲಿ ಇದರ ಉಲ್ಟಾ. ಅಯಸ್ಕಾಂತದ ಮೇಲಿನ ಬಣ್ಣವನ್ನು ನಂಬಬೇಡಿ, ದಿಕ್ಸೂಚಿ ಹಿಡಿದು ನೋಡಿ. ಆ ತುದಿಯನ್ನು ಕೆಸರಿನ ಮಟ್ಟಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆ, ಜಾಡಿಯ ಹೊರಗೋಡೆಗೆ ಅಂಟಿಸಿ. ಒಂದು ಗಂಟೆ ಬಿಟ್ಟು, ಗಾಜಿನ ಒಳಗೋಡೆಯ ಅದೇ ಜಾಗದಿಂದ ಡ್ರಾಪರಿನಲ್ಲಿ ಮೆಲ್ಲಗೆ ನೀರು ತೆಗೆಯಿರಿ.

ತೂಗುಹನಿ

ಕವರ್ ಸ್ಲಿಪ್ಪಿನ (ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜಿನ ತುಣುಕಿನ) ನಡುಮಧ್ಯೆ ಒಂದು ಚಿಕ್ಕ ಹನಿ ಇಡಿ. ಸ್ಲೈಡಿನ ಮೇಲೆ ಒಂದು ಸೆಂಟಿಮೀಟರ್ ಅಗಲದ ರಬ್ಬರ್ ಉಂಗುರವಿಟ್ಟು, ಅದರ ಅಂಚಿಗೆ ವ್ಯಾಸಲೀನ್ ಸವರಿ, ಕವರ್ ಸ್ಲಿಪ್ಪನ್ನು ಬೋರಲು ಹಾಕಿ. ಹನಿ ಕೆಳಮುಖವಾಗಿ ತೂಗಬೇಕು, ಸ್ಲೈಡಿಗೆ ತಾಗಬಾರದು. ವ್ಯಾಸಲೀನ್ ಬಿಟ್ಟರೆ ಹನಿ ಆರುತ್ತಾ ಒಳಗೆ ಹರಿವು ಹುಟ್ಟಿ, ಕಸವೆಲ್ಲ ಈಜುವಂತೆ ಕಾಣುತ್ತದೆ.

ಅಯಸ್ಕಾಂತದ ಅದೇ ತುದಿಯನ್ನು ಹನಿಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ, ಸ್ಲೈಡಿನ ಮಟ್ಟದಲ್ಲೇ ಇಡಿ. 100 ಪಟ್ಟಿನಲ್ಲಿ ಹನಿಯ ಅಂಚನ್ನು ಹುಡುಕಿ, ಬಳಿಕ 400ಕ್ಕೆ ಹೋಗಿ. ಐದು ಹತ್ತು ನಿಮಿಷದಲ್ಲಿ ಅಯಸ್ಕಾಂತದ ಕಡೆಯ ಅಂಚಿನಲ್ಲಿ ಸಣ್ಣ ಚುಕ್ಕೆಗಳು ಗುಂಪುಗೂಡುತ್ತವೆ, ಇರುವೆ ಸಾಲು ಬೆಲ್ಲಕ್ಕೆ ಮುತ್ತಿದಂತೆ. ಆಗ ಅಯಸ್ಕಾಂತವನ್ನು ಜಾಗ ಕದಲಿಸದೆ ತಿರುಗಿಸಿ, ಇನ್ನೊಂದು ತುದಿ ಹನಿಯತ್ತ ಬರಲಿ. ಚುಕ್ಕೆಗಳು ಒಟ್ಟಿಗೆ ಅರ್ಧಸುತ್ತು ಹಾಕಿ ಎದುರಿನ ಅಂಚಿಗೆ ಹೊರಡುತ್ತವೆ.

ಈ ತಿರುವೇ ನಿಜವಾದ ಪರೀಕ್ಷೆ. ಕಬ್ಬಿಣದ ಪುಡಿಯೂ ಅಯಸ್ಕಾಂತದತ್ತ ಸರಿಯುತ್ತದೆ, ಆದರೆ ಯಾವ ತುದಿ ಹಿಡಿದರೂ ಅದು ಹತ್ತಿರಕ್ಕೇ ಬರುತ್ತದೆ. ಬ್ಯಾಕ್ಟೀರಿಯಾ ಮಾತ್ರ ಹಿಂದಿರುಗುತ್ತದೆ.

ಏನೂ ಕಾಣದಿದ್ದರೆ ಮೊದಲು ತುದಿ ಬದಲಿಸಿ ನೋಡಿ, ವಿರುದ್ಧ ದಿಕ್ಕಿನವೂ ಅಲ್ಪಸ್ವಲ್ಪ ಇರುತ್ತವೆ. ಸೂಕ್ಷ್ಮದರ್ಶಕದ ವೇದಿಕೆ ಕಬ್ಬಿಣದ್ದಾದರೆ ಕಾಂತಕ್ಷೇತ್ರ ಸೊಟ್ಟಗಾಗುತ್ತದೆ, ಅದರ ಮೇಲೆ ದಿಕ್ಸೂಚಿಯಿಟ್ಟು ಪರೀಕ್ಷಿಸಿ. ಆಗಲೂ ಇಲ್ಲವೆಂದರೆ ಜಾಡಿಗೆ ಇನ್ನೊಂದು ವಾರ ಕೊಡಿ, ಇಲ್ಲವೇ ಬೇರೆ ಜಾಗದ ಕೆಸರು ತನ್ನಿ. ಒಂದೇ ಕೊಳದಲ್ಲೂ ನಾಲ್ಕು ಮಾರು ಆಚೆಗೆ ಲೆಕ್ಕ ಬೇರೆಯಾಗಬಹುದು. ಸಿಕ್ಕಿದ ಜಾಡಿಯನ್ನು ಚೆಲ್ಲಬೇಡಿ. ಆರಿದಷ್ಟು ಕೊಳದ ನೀರನ್ನು ಗೋಡೆಗುಂಟ ಮೆಲ್ಲಗೆ ಬಿಡುತ್ತಿದ್ದರೆ ತಿಂಗಳುಗಟ್ಟಲೆ ಬಳಕೆಗೆ ಬರುತ್ತದೆ.